ಎರಡೂ ಕಡೆ ಅಗುಳಿ ಇದ್ದ ಬಾಗಿಲು

ಒಂದೂರಿನಲ್ಲಿ ಒಬ್ಬ ಸಿರಿವಂತನಿದ್ದ. ಅವನು ತೀರಿಕೊಂಡ ಮೇಲೆ ಅವನ ಮನೆ ಎರಡಾಯಿತು. ಇಬ್ಬರು ಗಂಡುಮಕ್ಕಳು, ನಡುವೆ ಒಂದು ಗೋಡೆ. ನೋಡಿ, ಗೋಡೆ ಎದ್ದ ಮೇಲೆ ನೆಮ್ಮದಿ ಬರಬೇಕಲ್ಲ? ಬರಲಿಲ್ಲ. ಭಯ ಬಂತು. ಅಣ್ಣ ಪೇಟೆಯ ಸಾಹುಕಾರನ ಬಳಿಗೆ ಹೋದ, ತಮ್ಮ ಹೊಳೆಯಾಚೆಯ ಜಮೀನ್ದಾರನ ಬಳಿಗೆ. ಇಬ್ಬರಿಗೂ ಸಿಕ್ಕಿದ್ದು ಒಂದೇ ಮಾತು: ನಿನ್ನ ಮೇಲೆ ಕಲ್ಲು ಬಿದ್ದರೆ ನನ್ನ ಮೇಲೆ ಬಿದ್ದಂತೆ. ಎರಡೂ ಜಗಲಿಗಳ ಮೇಲೆ ಪರರ ಬಂದೂಕಿನವರು ಬಂದು ಕೂತರು.

ಆ ಅಣ್ಣತಮ್ಮಂದಿರಿಗೆ ಕೊಟ್ಟಿದ್ದು ಅಕ್ಕತಂಗಿಯರನ್ನು. ಅಕ್ಕನಿಗೆ ಹಗಲೂ ಇರುಳೂ ಒಂದೇ ಚಿಂತೆ: ತಂಗಿ ಚೊಚ್ಚಲ ಬಸುರಿ, ಆಚೆ ಮನೆಯಲ್ಲಿ ಇನ್ನೊಬ್ಬ ಹೆಂಗಸಿಲ್ಲ. ಅವರ ತವರಿನಲ್ಲಿ ಹೆರಿಗೆನೋವು ಬಂದಾಗ ಕಂಚಿನ ಹರಿವಾಣ ಬಡಿದು ನೆರೆಯವರನ್ನು ಕರೆಯುವ ವಾಡಿಕೆ. ನೀನೂ ಹಾಗೇ ಬಡಿ, ಬಂದೇ ಬರುತ್ತೇನೆ ಎಂದು ಗೋಡೆಯ ಮೇಲಿಂದ ಹೇಳಿಟ್ಟಿದ್ದಳು. ಗಂಡಸರಿಗೆ ತಿಳಿಸಲಿಲ್ಲ. ಆ ಮನೆಯಲ್ಲಿ ಯಾರು ಯಾರಿಗೆ ಏನು ತಿಳಿಸುತ್ತಿದ್ದರು, ಹೇಳಿ?

ದೀಪ ಹಚ್ಚುವ ಹೊತ್ತಿಗೆ ಹರಿವಾಣ ಮೊಳಗಿತು. ಅಕ್ಕ ಕಲಸುತ್ತಿದ್ದ ಹಿಟ್ಟು ಬಿಟ್ಟು ಎದ್ದಳು. ಅಣ್ಣನ ಜಗಲಿಯವರಿಗೆ ಮಾತ್ರ ಅದು ದಾಳಿಯ ಸದ್ದು. ಕಹಳೆ ಊದಿದರು. ಪೇಟೆಯಿಂದ ಪಂಜುಗಳು ಹೊರಟವು. ಪಂಜು ಕಂಡ ಹೊಳೆಯಾಚೆಯವರು ದೋಣಿಗಳನ್ನು ಇಳಿಸಿದರು. ಆ ಇಬ್ಬರು ದೊಡ್ಡವರದು ಹಳೆಯ ಹಗೆ, ನೋಡಿ, ನೆಪಕ್ಕೆ ಕಾದಿದ್ದರು. ಸುತ್ತಲ ಊರುಗಳ ತಾಯಂದಿರು ಮಕ್ಕಳನ್ನು ಒಳಗೆಳೆದು ಬಾಗಿಲು ಹಾಕಿಕೊಂಡರು. ಅವರಿಗೂ ಈ ಗೋಡೆಗೂ ಏನು ಸಂಬಂಧ?

ಅಕ್ಕ ಗಂಡನನ್ನು ತಡೆದು ನಿಲ್ಲಿಸಿದಳು. “ಅದು ನನ್ನ ತಂಗಿ ಕಣ್ರೀ, ನೋವು ಬಂದಿದೆ. ಇವರನ್ನ ವಾಪಸು ಹೋಗೋಕೆ ಹೇಳಿ.”

“ಬನ್ನಿ ಅಂದೆ, ಬಂದರು. ಹೋಗಿ ಅಂದರೆ ಹೋಗ್ತಾರಾ?” ಗಂಡ ಪಂಜುಗಳತ್ತ ಕೈ ತೋರಿದ. “ಈಗ ಇದು ನನ್ನ ಜಗಳವೇ ಅಲ್ಲ.”

ಗೋಡೆಗೊಂದು ಬಾಗಿಲಿತ್ತು, ಎರಡೂ ಕಡೆ ಅಗುಳಿ. ಒಬ್ಬನೇ ತೆಗೆದರೆ ತೆರೆಯದು. ಅಕ್ಕ ಬಂದೂಕುಗಳಿಗೆ ಬೆನ್ನು ಮಾಡಿ ನಿಂತು ಮೈದುನನನ್ನು ಕೂಗಿದಳು: “ಯಾರನ್ನೂ ಕೇಳಬೇಡಪ್ಪ. ನಿನ್ನ ಅಗುಳಿ ನೀನು ತೆಗಿ.”

ಆಚೆ ತಂಗಿ ನರಳಿದಳು. ಮೈದುನನ ದನಿ ಬಂತು: “ಅಣ್ಣ ತೆಗೀತಾನಾ ಅತ್ತಿಗೆ?”

ಅವಳು ಗಂಡನ ಕಡೆ ತಿರುಗಿದಳು, ಅಷ್ಟೇ. ಅವನು ಬಂದೂಕಿನವರ ನಡುವೆ ದಾರಿ ಮಾಡಿಕೊಂಡು ಬಂದ. ಅಗುಳಿಗೆ ಕೈ ಹಾಕಿ, “ತೆಗೀತಿದೀನಿ ಕಣೋ,” ಎಂದ.

ಆಚೆಯ ಅಗುಳಿಯೂ ಸರಿಯಿತು, ಅಕ್ಕ ತಂಗಿಯ ಬಳಿಗೆ ಓಡಿದಳು. ಕೂಸು ಉಳಿಯಿತು, ತಾಯಿಯೂ ಉಳಿದಳು. ಕೂಸಿನ ಅಳು ಕೇಳಿ ಪಂಜುಗಳೂ ದೋಣಿಗಳೂ ಗೊಣಗುತ್ತ ಹಿಂದಿರುಗಿದವು. ಬಂದೂಕುಗಳು ಮಾತ್ರ ಜಗಲಿ ಬಿಟ್ಟು ಇಳಿಯಲಿಲ್ಲ.

ಕೊರಿಯಾದ ಪಾಡು ಇದೇ ಅಲ್ಲವೇ? ಒಂದೇ ಭಾಷೆಯ ಒಂದೇ ಜನ. ದಕ್ಷಿಣದ ಬೆನ್ನಿಗೆ ಅಮೆರಿಕ, ಉತ್ತರದ ಬೆನ್ನಿಗೆ ಚೀನಾ, ರಷ್ಯಾ. ಯುದ್ಧ ನಿಂತಿದೆ; ಶಾಂತಿಯ ಒಪ್ಪಂದ ಇಂದಿಗೂ ಆಗಿಲ್ಲ. ಅಲ್ಲಿ ಒಂದು ಸದ್ದನ್ನು ತಪ್ಪಾಗಿ ತಿಳಿದರೆ ಇಲ್ಲಿ ನಮ್ಮ ಒಲೆಯೂ ಆರಬಹುದು.

ಅವರನ್ನು ಬಿಡಿ, ನಿಮ್ಮನ್ನು ಕೇಳುತ್ತೇನೆ. ಓರಗಿತ್ತಿಯ ಮೇಲೆ ಸಿಟ್ಟು ಬಂದರೆ ಮೊದಲ ಫೋನು ಯಾರಿಗೆ? ಅವಳಿಗೋ, ತವರಿಗೋ? ತಮ್ಮನೊಂದಿಗೆ ಮಾತು ಬಿಟ್ಟವರು ಯಾರ ಮನೆಗೆ ಹೋಗುತ್ತೀರಿ? ತಮ್ಮನ ಮನೆಗೋ, ಮುಖಂಡನ ಮನೆಗೋ? ಹೀಗೆ ಕರೆದು ತಂದವರನ್ನು ಕಳಿಸುವುದು ನಿಮ್ಮ ಕೈಯಲ್ಲಿರುವುದಿಲ್ಲ. ನಾಳೆ ನೀವೇ ಹೋಗಿ, ಒಬ್ಬರೇ ಹೋಗಿ. ಏನಾಯಿತು ಎಂದು ಅವರನ್ನೇ ಕೇಳಿ. ಊಟದ ಹೊತ್ತಿಗೇ ಹೋಗಿ. ಎಲೆಯ ಮುಂದೆ ಕೂತವರನ್ನು ಎಬ್ಬಿಸಿ ಕಳಿಸುವುದು ನಮ್ಮಲ್ಲಿ ಯಾರಿಗೂ ಆಗದು.