ಉಪ್ಪು ನೆಲಕ್ಕೆ ಮಳೆ ಕುಡಿಸಿದ ವರ್ಷ

ಅಲ್ಲ, ನೀರೇ ಇರ್ಲಿಲ್ಲ ಅಂತಲ್ಲ ಕಣ್ರೋ, ನೀರಿತ್ತು, ಉಪ್ಪು ನೀರು. ನೀವು ಮೊಮ್ಮಕ್ಳು ಪ್ರಶ್ನೆ ತಮಿಳಲ್ಲೇ ಕೇಳಿ, ನಾನು ನಮ್ಮ ಕನ್ನಡದಲ್ಲೇ ಹೇಳ್ತೀನಿ. ಒಡ್ಡನ್‌ಛತ್ರಂ ಪಕ್ಕ ನಮ್ಮ ಹೊಲ ಗೊತ್ತಲ್ಲ, ಅಲ್ಲಿ ಬೋರು ಇಳಿಸ್ದಷ್ಟೂ ಉಪ್ಪೇ ಬಂತು. ಬದನೆ ಎಲೆ ಅಂಚೆಲ್ಲ ಬೆಂಕಿ ತಾಗ್ದಂಗೆ ಸುಟ್ಕೊಳ್ಳೋದು, ಮಣ್ಣಿನ ಮೇಲೆ ಬೆಳ್ಳಗೆ ಉಪ್ಪು. ನಿಮ್ಮ ತಾತ ಹೋಗಿ ಎರಡು ವರ್ಸ, ಇಲ್ಲ ಇಲ್ಲ, ಮೂರು ವರ್ಸ ಆಗಿತ್ತು. ನನ್ನ ಮೈದುನ ರಂಗ, ಅವನು ಅತ್ತಿಗೆ ಅನ್ನಲ್ಲ, ತಮಿಳರ ಥರ ಅಣ್ಣಿ ಅಂತಾನೇ ಕರೆಯೋದು, ಹೊಲಾನ ಇಟ್ಟಿಗೆ ಗೂಡಿನೋರಿಗೆ ಕೊಟ್ಬಿಡಾಣ ಅಂದ. ಮಣ್ಣು ಅಗೆದು ಒಯ್ದ್ರೆ ಹೊಲ ಅಂತ ಏನು ಉಳೀತದೆ? ಒಂದು ಮಳೆಗಾಲ ತಡಿಯಪ್ಪಾ ಅಂದೆ.

ಯಾಕಂದ್ರೆ ಆ ಬೇಸಿಗೇಲಿ ಕಡಲ ಪಕ್ಕದ ಊರಿಗೆ, ನನ್ನ ತಂಗಿ ಮನೆಗೆ ಹೋಗಿದ್ನಲ್ಲ, ಅವಳ ಹೊಲಾನೂ ಉಪ್ಪೇ. ಅವ್ರು ಮಳೆ ನೀರ್ನ ಗುಂಡೀಲಿ ಸೋಸಿ ಪೈಪಲ್ಲಿ ನೆಲದೊಳಕ್ಕೆ ಬಿಡ್ತಾರೆ. ಸಿಹಿ ನೀರು ಹಗುರ, ನೋಡಿ, ಉಪ್ಪು ನೀರಿನ ಮೇಲೇ ನಿಂತಿರ್ತದೆ, ಬೇಸಿಗೇಲಿ ಅದನ್ನೇ ಎತ್ತಿ ಪೈರಿಗೆ ಬಿಡೋದು. ಊರಿಗೆ ಬಂದೋಳೇ ನಮ್ಮ ಕೆಟ್ಟ ಬೋರಿನ ಸುತ್ತ ಗುಂಡಿ ತೋಡಿಸ್ದೆ. ನೀರು ಒಳಕ್ಕೆ ಹೋಗ್ಲಿ ಅಂತ ಬೋರಿನ ಪೈಪಿಗೆ ತೂತು ಹಾಕ್ಸಿ, ಸುತ್ತ ಕೆಳಗೆ ಕಲ್ಲು, ಆಮೇಲೆ ಜಲ್ಲಿ, ಮೇಲೆ ಮರಳು. ದೀಪಾವಳಿ ಹೊತ್ತಿನ ಐಪ್ಪಸಿ ಮಳೆ ಬಂತು, ಗುಂಡಿ ತುಂಬ್ತು, ನೀರು ಕೆಳಗೆ ಇಳೀಲೇ ಇಲ್ಲ. ಕೆಸರು ಕಟ್ಕೊಂಡ್ಬಿಟ್ಟಿತ್ತು. ರಂಗ ಬದುವಿನ ಮೇಲೆ ನಿಂತು, "ಎಮ್ಮೆ ತೊಳೆಯೋಕೆ ಚೆನ್ನಾಗೈತೆ ಅಣ್ಣಿ" ಅಂದ. ಅಳು ಬಂತು ನಂಗೆ, ಮಳೇಲಿ ಯಾರಿಗೆ ಕಾಣ್ತದೆ ಬಿಡಿ. ಸೀರೆ ಎತ್ತಿ ಕಟ್ಕೊಂಡು ಇಳಿದೆ. ನನ್ನ ಹಿಂದೇನೇ ನನ್ನ ಸೊಸೆ, ನಿಮ್ಮಮ್ಮನೇ, ಅವಳೂ ಇಳಿದ್ಲು. ಬಾಂಡ್ಲಿ ಬಾಂಡ್ಲಿ ಕೆಸರೆತ್ತಿದ್ವಿ, ಮರಳು ಬದಲಾಯಿಸಿದ್ವಿ, ನೀರು ಬರೋ ದಾರೀಲಿ ಇನ್ನೊಂದು ಸಣ್ಣ ಗುಂಡಿ ತೋಡಿದ್ವಿ, ಕೆಸರು ಮೊದಲು ಅಲ್ಲೇ ತಂಗ್ಲಿ ಅಂತ. ಮೂರು ದಿನ. ನಾಲ್ಕನೇ ದಿನದ ಮಳೆಗೆ ಪೈಪು ಗೊಳಗೊಳ ಅಂತು. ಕುಡೀತು ಕಣ್ರೋ ನೆಲ, ಕುಡೀತಾನೇ ಇತ್ತು.

ಯುಗಾದಿ ಹೊತ್ತಿಗೆ, ಪಂಗುಣಿ ತಿಂಗಳ ಬಿಸಿಲಲ್ಲಿ, ಮೋಟ್ರನ್ನ ಆಳಕ್ಕೆ ಬಿಡದೆ ಮೇಲ್ಮೇಲೇ ಇಳಿಬಿಟ್ವಿ. ನೀರು ಬಂತು. ರಂಗನೇ ಮೊದಲು ಬೊಗಸೆ ಒಡ್ಡಿದ. ಕುಡಿದ. ಮತ್ತೂ ಕುಡಿದ. ನಾನು ಅವನ ಮುಖಾನೇ ನೋಡ್ತಿದ್ದೆ. "ನಮ್ಮಣ್ಣ ಇರ್ಬೇಕಿತ್ತು ಅಣ್ಣಿ" ಅಂದ, ಅಷ್ಟೇ. ಆ ವರ್ಸ ಬದನೆ ಮಿರಮಿರ ಮಿಂಚ್ತಾ ಮಾರ್ಕೆಟ್ಟಿಗೆ ಹೋಯ್ತು, ಲಾರಿ ಮುಂದಿನ ಸೀಟಲ್ಲಿ ನಾನೇ ಕೂತು ಹೋದೆ. ಈಗ ಸುತ್ತ ಆರು ಹೊಲದಲ್ಲಿ ಅಂಥ ಗುಂಡಿ ಐತೆ, ಮೊದಲು ತೋಡಿಸ್ಕೊಂಡೋನು ರಂಗನೇ. ಒಂದು ಸಲ ಕೆಟ್ಟಿತು ಅಂತ ಕೆಲಸ ಬಿಟ್ಟು ಎದ್ದು ಬರ್ಬೇಡಿ, ಎಲ್ಲಿ ಕಟ್ಕೊಂಡೈತೆ ಅಂತ ಕೈ ಹಾಕಿ ನೋಡಿ. ಏಳಿ, ಊಟ ಆರ್ತದೆ.