ಹಳದಿ ಫಿಲ್ಟರಿಗೆ ಒಪ್ಪದ ಮಾವ

ಮಳೆ ಮಧ್ಯಾಹ್ನವೇ ಹಿಡಿದಿತ್ತು. ನಾಲ್ಕೂವರೆಗೆ ಕರೆಂಟೂ ಹೋಯಿತು. ಅಜ್ಜಿಯ ಡಾರ್ಕ್‌ರೂಮಿನಲ್ಲಿ ಕಪ್ಪು-ಬಿಳುಪು ಪ್ರಿಂಟು ಮಾಡುವುದನ್ನು ಕಲಿಯಲು ಪ್ರತಿ ಭಾನುವಾರ ಬರುತ್ತಿದ್ದ ದರ್ಜಿ ಮತ್ತು ಗಣಿತದ ಮೇಡಂ ಕೈ ಒರೆಸಿಕೊಂಡು ಹಜಾರಕ್ಕೆ ಬಂದು ಕೂತರು. ಮೊಮ್ಮಗಳು ಮೇಣದಬತ್ತಿ ಹಚ್ಚಿದಳು. ಅವಳ ಮುಖ ಊದಿಕೊಂಡಿತ್ತು. ಬರುವ ವಾರದಿಂದ ಡಾರ್ಕ್‌ರೂಮು ಅವಳದು ಎಂದು ಅಜ್ಜಿ ಎಲ್ಲರೆದುರು ಸಾರಿದ್ದರು. ಅವಳೋ ಬೆಳಗಿನಿಂದ ಏಳು ಹಾಳೆ ಹಾಳು ಮಾಡಿದ್ದಳು. ಅಜ್ಜಿಯ ಹೆಸರು ತನ್ನ ಕೈಯಲ್ಲಿ ಕೆಡುತ್ತದೆ ಎಂದು ಅವಳಿಗೆ ನಿಜಕ್ಕೂ ಭಯವಾಗಿತ್ತು.

ಬತ್ತಿಯ ಬೆಳಕಿನಲ್ಲಿ ಗೋಡೆಯ ದೊಡ್ಡ ಫೋಟೋ ಕಂಡಿತು. ಮೇಡಂ ಕೇಳಿದರು: "ಅಜ್ಜಿ, ಇಷ್ಟು ಕತ್ತಲಲ್ಲಿ ನಿಂತಿರೋ ಆ ಹೆಂಗಸು ಹೇಗೆ ಇಷ್ಟು ಚೆನ್ನಾಗಿ ಬಂದಿದ್ದಾರೆ?"

ಅಜ್ಜಿ ಕಾಲು ಮಡಚಿ ಸರಿಯಾಗಿ ಕೂತರು. ಅವರಿಗೆ ಬೇಕಾದ ಪ್ರಶ್ನೆ ಅದೇ ಎಂದು ಮೊಮ್ಮಗಳಿಗೆ ಗೊತ್ತಾಯಿತು.

"ಈ ಪ್ರಿಂಟು ಮಾಡಿದ್ದು ನಾನು. ಅದನ್ನ ಮೊದಲೇ ಹೇಳಿಬಿಡ್ತೀನಿ, ಆಮೇಲೆ ದೆವ್ವದ ಪಾಲು ಎಷ್ಟು ಅಂತ ನೀವೇ ಲೆಕ್ಕ ಹಾಕ್ಕೊಳ್ಳಿ. ಮುಂದೆ ಕಪ್ಪು ಕೋಟು ಹಾಕ್ಕೊಂಡು ಸೆಟೆದು ನಿಂತಿದ್ದಾರಲ್ಲ, ಅವರು ನಮ್ಮ ಮಾವ. ಸ್ಟುಡಿಯೋಗಳಿಗೆಲ್ಲ ಇದೇ ಮನೇಲಿ ಪ್ರಿಂಟು ಮಾಡಿಕೊಡ್ತಿದ್ರು. ಅವರ ಪ್ರಿಂಟು ಅಂದ್ರೆ... ಕಪ್ಪು ಅಂದ್ರೆ ಇದ್ದಿಲು, ಬಿಳಿ ಅಂದ್ರೆ ಸುಣ್ಣ, ನಡುವೆ ಏನೂ ಇಲ್ಲ. ಕಾಂಟ್ರಾಸ್ಟು ಏರಿಸೋ ಗುಲಾಬಿ ಫಿಲ್ಟರು ಬಿಟ್ಟು ಬೇರೆ ಮುಟ್ಟಿದವರೇ ಅಲ್ಲ. ಹಳದಿ ಹಾಕಿದ್ರೆ ಬೂದುಬಣ್ಣಗಳು ಬರುತ್ತಲ್ಲ, ಕೆನ್ನೆಯ ನುಣುಪು, ನೆರಳೊಳಗಿನ ಬಟ್ಟೆಯ ಮಡಿಕೆ, ಅದೆಲ್ಲ ಅವರ ಕಣ್ಣಿಗೆ ಕೊಳೆ! ನಾನು ಹಳದಿಯಲ್ಲಿ ಮಾಡಿದ್ದನ್ನ ಎತ್ತಿ ಹಿಡಿದು, 'ಏನಮ್ಮಾ ಬೂದಿ, ಒಲೆ ಗುಡಿಸಿಕೊಂಡು ಬಂದೆಯಾ?' ಅಂತಿದ್ರು. ಮಗನಿಗೆ ಈ ಕಸುಬು ಬೇಡವಾಗಿತ್ತು, ಸೊಸೆಗೆ ಬೇಕಾಗಿತ್ತು... ಅದೇ ಅವರ ಹೊಟ್ಟೆಯುರಿ.

"ಅಂಥವರು ಒಂದು ದಿನ ಟ್ರೇ ಮುಂದೆ ನಿಂತಿದ್ದ ಹಾಗೇ ಹೋಗಿಬಿಟ್ರು. ತಿಂಗಳು ಕಳೆದಿರಲಿಲ್ಲ, ಸ್ಟುಡಿಯೋದವರು ಮೂವರು ಬಂದು ಇಲ್ಲೇ ಕೂತ್ರು. 'ಯಜಮಾನರದ್ದೇ ಒಂದು ಪ್ರಿಂಟು ಮಾಡಿಡಮ್ಮ, ನಾಳೆ ಬಂದು ನೋಡ್ತೀವಿ, ಕೈ ಸರಿಯಿದ್ರೆ ಕೆಲಸ ನಿನಗೇ' ಅಂದ್ರು. ಸರಿಯಿಲ್ಲದಿದ್ರೆ? ನೆಗೆಟಿವಿನಿಂದ ದೊಡ್ಡ ಚಿತ್ರ ಬೀಳಿಸೋ ಎನ್‌ಲಾರ್ಜರು ಗುಜರಿಗೆ, ನಾನು ಜೀವನವಿಡೀ ಒಲೆ ಮುಂದೆ.

"ಮಾವನ ನೆಗೆಟಿವ್ ಇದ್ದದ್ದು ಒಂದೇ, ಡಾರ್ಕ್‌ರೂಮಿನ ಬಾಗಿಲಲ್ಲಿ ನಾನೇ ತೆಗೆದದ್ದು. ಮುಖದ ಮೇಲೆ ಬಿಸಿಲು, ಬೆನ್ನ ಹಿಂದೆ ಕತ್ತಲು. ಭೂತಗನ್ನಡಿ ಹಿಡಿದು ನೋಡ್ತೀನಿ... ಆ ಕತ್ತಲಲ್ಲಿ ಯಾರೋ ನಿಂತಿದ್ದಾರೆ! ಅಯ್ಯೋ, ಈಗಲೇ ಬೆವರಬೇಡ್ರಪ್ಪಾ, ದೆವ್ವ ಇನ್ನೂ ಬಂದಿಲ್ಲ. ಅದು ನಮ್ಮ ಅತ್ತೆ, ಕೈಯಲ್ಲಿ ಚಿತ್ರ ಮೂಡಿಸೋ ಡೆವಲಪರಿನ ಜಗ್ಗು. ಮೂವತ್ತು ವರ್ಷ ಗಂಡನಿಗೆ ಕೆಮಿಕಲ್ ಕಲಸಿಕೊಟ್ಟವರು. ಮನೆತುಂಬ ಊರವರ ಫೋಟೋ, ಅವರದ್ದು ಒಂದೂ ಇಲ್ಲ. ಗುಲಾಬಿ ಹಾಕಿದ್ರೆ ಅತ್ತೆ ಕಪ್ಪಲ್ಲಿ ಮುಳುಗಿ ಹೋಗ್ತಾರೆ. ಆದ್ರೆ ಬಂದವರ ಕಣ್ಣು ಪಳಗಿದ್ದು ಗುಲಾಬಿಗೇ. ನೀವಾಗಿದ್ರೆ ಏನು ಮಾಡ್ತಿದ್ರಿ?"

"ಹೊಟ್ಟೆಪಾಡು ಅಜ್ಜಿ... ಗುಲಾಬಿನೇ," ಎಂದ ದರ್ಜಿ.

"ಅದಕ್ಕೇ ನಿನ್ನ ಕೋಟು ಹಾಕ್ಕೊಂಡವರೆಲ್ಲ ಅಣ್ಣತಮ್ಮಂದಿರ ಹಾಗೆ ಕಾಣೋದು!" ಎಂದರು ಅಜ್ಜಿ. ಮೇಡಂ ನಕ್ಕರು. ದರ್ಜಿಯೂ ನಕ್ಕ.

"ನಾನು ಹಾಗೆ ಮಾಡಲಿಲ್ಲ. ಮೊದಲು ಹಳದಿಯಲ್ಲಿ ಬೆಳಕು, ಮುಖದ ನುಣುಪಿಗೆ. ಆಮೇಲೆ ಅದೇ ಹಾಳೆಗೆ ಗುಲಾಬಿಯಲ್ಲಿ ಒಂಚೂರು, ಕೋಟಿನ ಕಪ್ಪಿಗೆ ಮಾತ್ರ. ಕೆಂಪು ದೀಪದಲ್ಲಿ ಎರಡು ಫಿಲ್ಟರೂ ಒಂದೇ ಥರ ಕಾಣುತ್ತೆ, ಅದಕ್ಕೇ ಹಳದಿಯ ಒಂದು ಮೂಲೆ ಕತ್ತರಿಸಿಟ್ಟಿದ್ದೆ, ಬೆರಳಿಗೆ ಗೊತ್ತಾಗಲಿ ಅಂತ. ಕತ್ತರಿಸಿದ ಮೂಲೆ ತಡವಿ ನೋಡಿ ಲೆನ್ಸಿನ ಕೆಳಗೆ ತೂರಿಸಿದೆ, ಸ್ವಿಚ್ಚು ಒತ್ತಿದೆ... ಬಿದ್ದ ಬೆಳಕು ಗುಲಾಬಿ! ಆರಿಸಿ, ಫಿಲ್ಟರು ತೆಗೆದು ತಡವಿದೆ. ನಾಲ್ಕು ಮೂಲೆಯೂ ಇದೆ, ಹಳದಿ ಅಲ್ಲ. ನನ್ನದೇ ತಪ್ಪು ಅಂದ್ಕೊಂಡು ಇನ್ನೊಂದು ಹಾಳೆ ಇಟ್ಟೆ. ಮತ್ತೆ ಗುಲಾಬಿ. ಇನ್ನೊಂದು. ಮತ್ತೂ ಗುಲಾಬಿ. ಬಾಗಿಲಿಗೆ ಒಳಗಿನಿಂದ ಚಿಲಕ, ಒಳಗೆ ನಾನೊಬ್ಬಳೇ... ಕತ್ತಿನ ಹಿಂದೆ ಯಾರೋ ತಣ್ಣಗೆ ಉಸಿರು ಬಿಟ್ಟ ಹಾಗಾಯ್ತು.

"ಹೆದರಿಕೆ ಆಗಲಿಲ್ವಾ? ಆಯ್ತು. ಆದ್ರೆ ಸಿಟ್ಟು ಅದಕ್ಕಿಂತ ಮೊದಲು ಬಂತು. 'ಮಾವ,' ಅಂದೆ, 'ಹುಟ್ಟುಗುಣ ಸುಟ್ಟರೂ ಹೋಗೋಲ್ಲ ಅಂತಾರೆ, ನೀವು ಸತ್ತು ತೋರಿಸಿಬಿಟ್ರಿ. ಇದರಲ್ಲಿ ನಿಮ್ಮ ಮುಖ ಇದೆ, ನಿಜ. ಆದ್ರೆ ಹಿಂದೆ ಅತ್ತೆ ನಿಂತಿದ್ದಾರೆ. ಮೂವತ್ತು ವರ್ಷ ಅವರನ್ನ ಕಪ್ಪಲ್ಲೇ ಇಟ್ರಿ, ಇವತ್ತು ನಾನು ಬಿಡೋಲ್ಲ. ಇರೋದು ಕೊನೇ ಹಾಳೆ. ಇದನ್ನೂ ಕೆಡಿಸಿದ್ರೆ ನಿಮ್ಮ ಎನ್‌ಲಾರ್ಜರನ್ನ ನಾನೇ ಗುಜರಿಗೆ ಹೊತ್ಕೊಂಡು ಹೋಗ್ತೀನಿ!'

"ಕತ್ತರಿಸಿದ ಮೂಲೆ ಮತ್ತೆ ತಡವಿ ತೂರಿಸಿದೆ. ಸ್ವಿಚ್ಚು ಒತ್ತಿದೆ... ಹಳದಿ. ಹನ್ನೆರಡು ಎಣಿಸಿದೆ. ಆಮೇಲೆ ನಾನೇ ಗುಲಾಬಿ ಹಾಕಿದೆ, ಐದು ಎಣಿಸೋಕೆ. ಒಂದು ಕೈ ಸ್ವಿಚ್ಚಿನ ಮೇಲೆ, ಇನ್ನೊಂದು ಮೇಜಿನ ಅಂಚಿನ ಮೇಲೆ. ಎರಡು ಅನ್ನೋ ಹೊತ್ತಿಗೆ, ಅತ್ತೆ ನಿಂತ ಕಡೆ ಹಾಳೆ ಮೇಲೆ ಒಂದು ನೆರಳು ಬಿತ್ತು. ಕೈಯ ನೆರಳು. ತಲೆ ಎತ್ತಿ ನೋಡಿದೆ. ಲೆನ್ಸಿನ ಕೆಳಗೆ ಕೈ ಇಲ್ಲ... ನೆರಳು ಮಾತ್ರ. ತೋರುಬೆರಳು ಅರ್ಧವೇ ಇತ್ತು. ಕಾಗದ ಕತ್ತರಿಸುವಾಗ ಮಾವ ಬೆರಳು ಕಳ್ಕೊಂಡಿದ್ರು, ಊರಿಗೆಲ್ಲ ಗೊತ್ತು. ಬೆಳಕು ತಡೆದ ಜಾಗ ಅಷ್ಟು ಕಪ್ಪಾಗೋಲ್ಲ, ನಿಮಗೇ ಹೇಳಿಕೊಟ್ಟಿದ್ದೀನಿ. ಆದ್ರೆ ನೆರಳು ನಿಂತಲ್ಲೇ ನಿಂತ್ರೆ ಗೆರೆ ಬೀಳುತ್ತೆ. ಅದು ನಿಲ್ಲಲಿಲ್ಲ, ಮಗು ತಟ್ಟಿ ಮಲಗಿಸೋ ಹಾಗೆ ಸಣ್ಣಗೆ ಆಡ್ತಾನೇ ಇತ್ತು. ಕೈ ಅಂದ್ರೆ ಅದು ಕೈ ಕಣ್ರೀ!

"ಹಾಳೆಯನ್ನ ಡೆವಲಪರಿನ ಟ್ರೇಗೆ ಹಾಕಿದೆ. ನಲವತ್ತು ಸೆಕೆಂಡಿಗೇ ಎಲ್ಲ ಕಡುಗಪ್ಪು ಕಂಡು, ಅಯ್ಯೋ ಅತ್ತೆ ಮುಳುಗಿದ್ರು ಅಂತ ಎತ್ತೋಕೆ ಹೋದೆ. ಕೆಂಪು ದೀಪದ ಮೋಸ ಅದು, ಎಲ್ಲ ಇದ್ದದ್ದಕ್ಕಿಂತ ಕಪ್ಪಾಗಿ ಕಾಣುತ್ತೆ, ಹೊಸಬರೆಲ್ಲ ಬೇಗ ಎತ್ತಿ ಹಾಳು ಮಾಡೋದು ಅಲ್ಲೇ. ಮಣಿಕಟ್ಟನ್ನ ಯಾರೋ ಹಿಡಿದ್ರು. ಮಂಜುಗಡ್ಡೆ! ಎರಡು ನಿಮಿಷ ತುಂಬೋವರೆಗೂ ಬಿಡಲಿಲ್ಲ.

"ಮಾರನೇ ದಿನ ಮೂವರೂ ಆ ಪ್ರಿಂಟನ್ನ ಕಿಟಕಿ ಬೆಳಕಿಗೆ ಹಿಡಿದು ನೋಡಿದ್ರು. ಕೊನೆಗೆ ಒಬ್ಬರು, 'ಅರೆ, ಹಿಂದೆ ಅಮ್ಮನವರು!' ಅಂದ್ರು. ಅತ್ತೆ ಕೈ ಒರೆಸ್ಕೊಂಡು ಬಂದು ನೋಡಿದ್ರು. 'ನಾನು ಇಷ್ಟು ಗಟ್ಟಿಯಾಗಿ ನಿಂತಿದ್ದೆನಾ?' ಅಂದ್ರು. ಅವತ್ತಿನಷ್ಟು ಹೆಮ್ಮೆ ನನಗೆ ಮತ್ತೆ ಯಾವತ್ತೂ ಆಗಿಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರಲ್ಲ, ನಮ್ಮಿಬ್ಬರದೂ ಅವತ್ತು ಒಟ್ಟಿಗೇ ಬಂತು. ಅಲ್ಲಿಂದ ಐವತ್ತು ವರ್ಷ ಕೆಲಸ ತಪ್ಪಲಿಲ್ಲ."

"ಆಮೇಲೆ ನಿಮ್ಮ ಮಾವ ಬರಲೇ ಇಲ್ವಾ?" ಎಂದರು ಮೇಡಂ. ದನಿ ಸಣ್ಣಗಾಗಿತ್ತು.

ಅಜ್ಜಿ ಎರಡೂ ಕೈಗಳನ್ನು ಬತ್ತಿಯ ಬೆಳಕಿಗೆ ಚಾಚಿದರು. ಬೆರಳುಗಳು ಗಡಗಡ ನಡುಗುತ್ತಿದ್ದವು.

"ಆರು ವರ್ಷದಿಂದ ಹೀಗೇ. ನೀರು ಕುಡಿದ್ರೆ ಅರ್ಧ ಮಡಿಲಿಗೆ. ಈ ಕೈಯಲ್ಲಿ ನೆರಳು ಆಡಿಸೋಕಾಗುತ್ತಾ, ಹೇಳಿ? ಹೋದ ತಿಂಗಳು ಪ್ರದರ್ಶನದಲ್ಲಿ ನನ್ನ ಪ್ರಿಂಟಿಗೆ ಮೊದಲ ಬಹುಮಾನ ಬಂತಲ್ಲ... ಅದರ ಹಿಂಬದಿಗೆ ನನ್ನ ಹೆಸರೇ ಬರೆದಿದ್ದೀನಿ, ನನ್ನದೊಂದೇ. ಯಾವ ಫಿಲ್ಟರು, ಎಷ್ಟು ಸೆಕೆಂಡು, ತೀರ್ಮಾನ ನನ್ನದು. ಅವರದು ಬರೀ ಕೈ."

ದೀಪ ಬಂತು. ಯಾರೂ ಏಳಲಿಲ್ಲ. ಅಜ್ಜಿ ಮೊಮ್ಮಗಳ ಬೆನ್ನು ತಟ್ಟಿದರು.

"ಹೋಗಮ್ಮ, ಬಾಗಿಲು ಹಾಕ್ಕೋ. ತಣ್ಣಗೆ ಏನಾದ್ರೂ ತಾಗಿದ್ರೆ ಲೈಟ್ ಮಾತ್ರ ಹಾಕಬೇಡ, ಹಾಳೆ ಕೆಡುತ್ತೆ. ನಿನಗೆ ಏನು ಬೇಕು ಅಂತ ಗಟ್ಟಿಯಾಗಿ ಹೇಳು. ಈಗೀಗ ಮಾತು ಕೇಳ್ತಾರೆ."