ನಡುವಿನ ಪದರ

ದೀಪ ಸಣ್ಣ ಮಾಡ್ರಿ. ನಗೋರು ಈಗ ನಕ್ಕುಬಿಡ್ರಿ, ಆಮ್ಯಾಲೆ ನಗಬ್ಯಾಡ್ರಿ. ಇದು ನಮ್ಮ ಕಾಕಾನ ಮಗ ವಿಶ್ವನಾಥಂದು. ಎಪ್ಪತ್ತಾರನೇ ಇಸವಿ, ದೀಪಾವಳಿ ಮುಗದು ತಿಂಗಳಾಗಿತ್ತು.

ಅವತ್ತು ಎರಡನೇ ಪಾಳಿ ಮುಗಿಸಿ ಅಕ್ಕಲಕೋಟ ರಸ್ತೆ ಎಂಐಡಿಸಿ ಕಾರ್ಖಾನಿ ಪ್ರದೇಶದಿಂದ ಒಬ್ಬನ ನಡಕೋತ ಬರ್ತಿದ್ದ. ಸೈಕಲ್ ಪಂಕ್ಚರ್. ಮಗ್ಗದ ಶೆಡ್ಡುಗಳ ಖಟಖಟ ಹಿಂದ ಉಳೀತು. ಮುಂದ ಆಲದ ಮರ, ಅದರ ಬುಡಕ್ಕ ಹಾಳುಬಾವಿ. ಅಲ್ಲಿ ಕೇಳಿಸ್ತು... ಚರ್ರ್...

ಬಾವಲಿ ಅಲ್ಲ. ಒಣಗಿದ ಎಲಿ ಅಲ್ಲ. ಗಾಜಿನ ಮ್ಯಾಲಿಂದ ಒಣಗಿದ ಹಾಳಿ ಸುಲಿಯೂ ಮುಂದ ಬರೋ ಸಪ್ಪಳ. ನಾಲ್ಕು ವರ್ಷ ದಿನಾ ಕೇಳಿದ್ದು, ಅವಗ ಗೊತ್ತಾಗೂದಿಲ್ಲೇನು?

ಅಂವ ಮಾಡೋ ಕೆಲಸ ಮೊದಲ ಹೇಳ್ತೀನಿ. ಆ ಮಗ್ಗಗಳ ನಡುವ ಇದ್ದ ಅವನ ಶೆಡ್ಡಿನಾಗ ಆಪರೇಶನ್ನಿನ ಹಾಳಿ ಮಾಡ್ತಿದ್ರು. ಹೊಟ್ಟಿ ಕೊಯ್ದಾಗ ಒಳಗಿನ ಹಸಿಗಾಯ ಒಂದಕ್ಕೊಂದು ಅಂಟಬಾರದು ಅಂತ ಡಾಕ್ಟರು ನಡುವ ಇಡೋ ತೆಳು ಹಾಳಿ. ಜಿಲೆಟಿನ್ ಕಾಸಿ ಗಾಜಿನ ಮ್ಯಾಲೆ ಹೊಯ್ಯೂದು, ಒಣಗಿಸೂದು, ಮತ್ತ ಹೊಯ್ಯೂದು. ಮೂರು ಪದರ. ಗಾಯ ಮಾಯೂತನಾ ಇದ್ದು, ಆಮ್ಯಾಲೆ ಮೈಯಾಗ ತಾನ ಕರಗಿ ಹೋಗಬೇಕು. ಹೊಯ್ಯಾಕಿ ಮೈಂದರ್ಗಿ ಊರಿನ ಗಂಗುಬಾಯಿ. ಪರೀಕ್ಷಾ ಮಾಡಾಂವ ನಮ್ಮ ವಿಶ್ವನಾಥ. ಪ್ರತಿ ಲಾಟಿಂದ ಒಂದು ತುಂಡು ಕತ್ತರಿಸಿ, ಉಪ್ಪು ಹಾಕಿದ ಬೆಚ್ಚನ್ನ ನೀರಿನ ಗಿಲಾಸಿನಾಗ ಬಿಡಬೇಕು. ನೀರು ಆರಬಾರದು. ಎಂಟು ದಿನದಾಗ ಕರಗಿದ್ರ ಪಾಸ್.

ಶ್ರಾವಣದ ಮಳಿಯಾಗ ನಡುವಿನ ಪದರ ಒಣಗಲಿಲ್ಲ. ಮಾಲು ಅರ್ಜಂಟ್. ಈ ಶಾಣ್ಯಾ ಏನು ಮಾಡಿದ? ಗಂಗುಬಾಯಿ ಮನಿಗೆ ಹೋದ ಮ್ಯಾಲೆ, ಚಾದರ ಪ್ಯಾಕ್ ಮಾಡೋ ತೆಳು ಪ್ಲಾಸ್ಟಿಕ್ ಕತ್ತರಿಸಿ ನಡುವ ಇಟ್ಟು, ಮ್ಯಾಲೊಂದು ಪದರ ಹೊಯ್ದ. ನೋಡಿದ್ರ ಬ್ರಹ್ಮಗೂ ಗೊತ್ತಾಗೂದಿಲ್ಲ. ಗಿಲಾಸು ಇಡಲೇ ಇಲ್ಲ. ರಜಿಸ್ಟರಿನಾಗ ‘ಕರಗ್ಯಾದ’ ಅಂತ ಬರದು ಸಹಿ ಹಾಕಿದ.

ಎರಡು ತಿಂಗಳಿಗೆ ಗಂಗುಬಾಯಿಗೇ ಹೊಟ್ಯಾಗ ಗಡ್ಡಿ. ಆಪರೇಶನ್ನಿಗೆ ಹೋಗೂ ಮುಂದ ಇವನ್ನ ಕೇಳಿದ್ಲಂತ.

“ಸಾಹೇಬ್ರ, ನಮ್ಮ ಹಾಳೀನ ಹಾಕ್ತಾರಂತ್ರಿ. ಶ್ರಾವಣದ ಲಾಟ್ ಕರಗೇತಿಲ್ರಿ?”

“ಕರಗ್ಯಾದ ಬಾಯಿ. ನಾನ ಕಣ್ಣಾರೆ ನೋಡೀನಿ.”

ಒಂದು ಮಾತು ಖರೆ ಹೇಳಿದ್ರ ಬದುಕ್ತಿದ್ಲು. ನೌಕರಿ ಹೋಗ್ತದಂತ ಹೇಳಲಿಲ್ಲ, ಭಾಡ್ಯಾ! ಇಪ್ಪತ್ತು ದಿನ ಹೊಟ್ಟಿ ಉಬ್ಬಿ, ಒಳಗ ಕೀವಾಗಿ, ಒದ್ದಾಡಿ ಸತ್ಲು ಆಕಿ. ನಮ್ಮ ರಕ್ತ ಅಂತ ನಾ ಇವತ್ತಿಗೂ ಮಾಫ್ ಮಾಡಿಲ್ಲ.

ಆ ರಾತ್ರಿ ಆಕೀನ ಬಾವಿಕಟ್ಟಿ ಮ್ಯಾಲೆ ಕೂತಿದ್ಲು. ಸೆರಗು ಸರಿಸಿ, ಹೊಟ್ಟಿ ಮ್ಯಾಲಿಂದ ಏನೋ ಸುಲೀಲಿಕ್ಕತ್ತಿದ್ಲು. ಚರ್ರ್... ಒಂದು ಪದರ ಬಂತು. ಎರಡನೇದು ಬರವಲ್ದು. ಉಗುರು ಹಾಕಿ ಎಬ್ಬಸ್ತಾಳ, ಬರವಲ್ದು. ಟಿಕ್... ಟಿಕ್... ಉಗುರಿನ ಸಪ್ಪಳ.

ಬದುಕಿದ್ದಾಗ ಸಾಹೇಬ್ರ ಅಂತಿದ್ದಾಕಿ, ಅವತ್ತ ತಲಿ ಎತ್ತದ ಅಂದ್ಲು, “ವಿಶ್ವನಾಥಾ... ಕಣ್ಣಾರೆ ನೋಡಿದ್ಯಲ್ಲ?”

ಇಂವ ಹಿಂದ ಹಿಂದ ಸರದ. ಆಕಿ ಮತ್ತ ಅಂದ್ಲು,

“ಉಳದ ಹಾಳಿ ಎಲ್ಲೆಲ್ಲಿ ಅದಾವ, ಬಾಯಿ ಬಿಡು. ಎಂಟು ದಿನ ಕೊಟ್ಟೀನಿ... ಈ ಸಲ ನೋಡಾಕಿ ನಾ.”

ಎದ್ದು ಬಂದು ಇವನ ಹೊಟ್ಟಿ ಮ್ಯಾಲೆ ಅಂಗೈ ಇಟ್ಲು. ತಣ್ಣಗಿರಲಿಲ್ಲಂತ ಆ ಕೈ. ಬೆಚ್ಚಗಿತ್ತಂತ...

ಚಪ್ಪಲಿ ಅಲ್ಲೇ ಬಿಟ್ಟು ಓಡಿ ಬಂದ. ಮರುದಿನ ಮುಂಜಾನೆ ತಲಿದಿಂಬಿನ ಹಂತ್ಯಾಕ ಹಿತ್ತಾಳಿ ಗಿಲಾಸು, ಅದರಾಗ ಉಪ್ಪುನೀರು, ಬೆಚ್ಚಗ. ಅವರವ್ವ, ನಮ್ಮ ಕಾಕು, ಇಟ್ಟಿರಲಿಲ್ಲ. ಚೆಲ್ಲಿದ. ಮತ್ತ ಮರುದಿನ ಅದ ಗಿಲಾಸು, ಅದ ನೀರು. ಹೊಟ್ಟಿ ಉಬ್ಬಿಕೋತ ಹೋತು. ಡಾಕ್ಟರು ಎಕ್ಸರೇ ತಗದು ಏನೂ ಇಲ್ಲ ಅಂದ್ರು. ರಾತ್ರಿಯಾದ್ರ ಗ್ವಾಡಿ ಆಚೆ... ಚರ್ರ್... ಟಿಕ್, ಟಿಕ್...

ಅಷ್ಟಾದರೂ ಏಳು ದಿನ ಸುಮ್ಮನಿದ್ದ! ನೌಕರಿ, ನೌಕರಿ! ಎಂಟನೇ ರಾತ್ರಿ ನನ್ನ ಕೈ ಗಟ್ಟಿ ಹಿಡದು ಬಾವಿ ಮಾತು, ಪ್ಲಾಸ್ಟಿಕ್ ಮಾತು, ಎಲ್ಲಾ ಹೇಳಿದ.

“ಇನ್ನ ಹನ್ನೊಂದು ಹಾಳಿ ಅದಾವೋ ಅನಂತಾ... ಎರಡು ದವಾಖಾನ್ಯಾಗ... ತಂದುಬಿಡೋ.”

ಬೆಳಗಾಗೂದರಾಗ ಹೋಗಿಬಿಟ್ಟಿದ್ದ. ಒಂದು ದಿನ ಮೊದಲ ಹೇಳಿದ್ದರ ಉಳೀತಿದ್ದನೇನೋ, ನನಗೇನು ಗೊತ್ತು.

ಸುಡುಗಾಡಿನಿಂದ ಸೀದಾ ಬಸ್ ಹಿಡದೆ. ಲಾಟ್ ಕೆಟ್ಟದ ಅಂತ ದವಾಖಾನ್ಯಾಗ ಹೇಳಿ, ಹನ್ನೊಂದೂ ತಂದು ಶೆಡ್ಡಿನ ಹಿಂದ ಬೆಂಕಿಗೆ ಹಾಕಿದೆ. ಚಟಚಟ ಅಂದು ಮುದುಡಿ ಕರ್ರಗಾದ್ವು. ಪ್ಲಾಸ್ಟಿಕ್ ಸುಡೂದ ಹಂಗ, ಅದರಾಗೇನೂ ವಿಶೇಷ ಇಲ್ಲ.

ಮೂರನೇ ದಿನ ಅಸ್ಥಿ ಆರಿಸಲಿಕ್ಕೆ ಕಾಕಾನ ಕೂಡ ನಾನೂ ಹೋದೆ. ಬೂದ್ಯಾಗ, ಹೊಟ್ಟಿ ಇದ್ದ ಜಾಗಾದಾಗ, ಅಂಗೈ ಅಗಲದ ಒಂದು ಹಾಳಿ. ಸುಟ್ಟಿಲ್ಲ. ಮುದುಡಿಲ್ಲ. ಎರಡೂ ಮಗ್ಗಲಿನ ಪದರ ಕರಗಿ ಹೋಗಿ, ನಡುವಿನದೊಂದ ಉಳದಿತ್ತು. ಕಾಕಾ ನೋಡಿ ಮಾರಿ ತಿರುವಿದ. ನಾ ಅದನ್ನ ಮನಿಗೆ ತಂದು, ಅದ ಹಿತ್ತಾಳಿ ಗಿಲಾಸಿನ ಉಪ್ಪುನೀರಿನಾಗ ಬಿಟ್ಟೆ. ಅಂವ ಇಡದ ಗಿಲಾಸು ಯಾರರ ಇಡಬೇಕಿತ್ತಲ್ಲ.

ಸುಳ್ಳು ಅನ್ನೋರು ಎದ್ದು ಬರ್ರಿ. ಅಗೋ, ಆ ಗೂಡಿನಾಗ ಅದ ಗಿಲಾಸು. ಹಾಳಿ ಹಂಗ ಅದ. ಒಂದು ದಿನಾ ಒಲಿ ಮ್ಯಾಲೆ ಇಟ್ಟಾಂವ ಅಲ್ಲ ನಾ... ಬೆರಳು ಎದ್ದಿ ನೋಡ್ರಿ. ನೀರು ಇನ್ನೂ ಬೆಚ್ಚಗದ.